ಮುಷ್ಟಿ ಹಿಡಿಸುವ ಗ್ಯಾಪ್: ಎಂಎಕ್ಸ್-5 ಕಾರನ್ನು ಎಷ್ಟು ತಗ್ಗಿಸಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದವನು. ಆರು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ. ಹೋದ ವರ್ಷ 2002ರ ಮಾಜ್ದಾ ಎಂಎಕ್ಸ್-5 ಕೊಂಡೆ, ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಎನ್‌ಬಿ ಅನ್ನುವ ಎರಡನೇ ತಲೆಮಾರಿನ ಮಾಡೆಲ್, 1.8 ಲೀಟರ್ ಇಂಜಿನ್. ಸಸ್ಪೆನ್ಷನ್ ಎಲ್ಲಾ ಕಂಪನಿಯದೇ, ಹಳೆಯದು. ಟೈರಿಗೂ ಫೆಂಡರಿಗೂ ನಡುವೆ ನನ್ನ ಮುಷ್ಟಿ ಆರಾಮಾಗಿ ಹೋಗುತ್ತದೆ. ನೋಡೋಕೆ ಜೀಪ್ ಥರ ಇದೆ. 40 ಮಿ.ಮೀ. ತಗ್ಗಿಸಬೇಕು ಅಂತ ಆಸೆ. ವಾರದ ಕೊನೆಗೆ ಬ್ಲ್ಯಾಕ್ ಫಾರೆಸ್ಟ್ ಕಡೆ ಓಡಿಸುತ್ತೇನೆ. ವರ್ಷಕ್ಕೆ ಎರಡು ಸಲ ನ್ಯೂರ್ಬರ್ಗ್‌ರಿಂಗ್ ರೇಸ್ ಟ್ರ್ಯಾಕಿಗೆ ಹೋಗುವ ಯೋಚನೆಯೂ ಇದೆ. ಬಜೆಟ್ 1500 ಯೂರೋ. ಒಬ್ಬ ಗೆಳೆಯ ಬರೀ ಲೋವರಿಂಗ್ ಸ್ಪ್ರಿಂಗ್ ಹಾಕಿದರೆ ಸಾಕು ಅನ್ನುತ್ತಾನೆ. ಇನ್ನೊಬ್ಬ ಆನ್‌ಲೈನ್‌ನಲ್ಲಿ 400 ಯೂರೋಗೆ ಪೂರ್ತಿ ಕಾಯಿಲ್‌ಓವರ್ ಸೆಟ್ (ಎತ್ತರ ಬದಲಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಸಿಗುತ್ತದೆ ಅನ್ನುತ್ತಾನೆ. ಯಾವುದು ಸರಿ?

ಉತ್ತರ: ಇಬ್ಬರ ಮಾತನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. 40 ಮಿ.ಮೀ. ಅನ್ನುವ ಅಂಕಿಯನ್ನೂ ಜೊತೆಗೇ ಇಡಿ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ: ಒಳ್ಳೆಯ ಶಾಕ್ ಅಬ್ಸಾರ್ಬರ್ ತಗೊಳ್ಳಿ, ಅದಕ್ಕೆ ಹೊಂದುವ ಸ್ಪ್ರಿಂಗ್ ತಗೊಳ್ಳಿ, 25 ಮಿ.ಮೀ. ಆಸುಪಾಸಿನಲ್ಲಿ ನಿಲ್ಲಿಸಿ. ಇಷ್ಟೇ ಸಾಕು ಅನ್ನುವವರು ಇಲ್ಲಿಗೇ ಎದ್ದು ಹೋಗಬಹುದು. ಆದರೆ ಆ 15 ಮಿ.ಮೀ. ಯಾಕೆ ಬಿಟ್ಟುಕೊಡಬೇಕು ಅಂತ ಗೊತ್ತಾಗದಿದ್ದರೆ, ಆರು ತಿಂಗಳಲ್ಲಿ ಕೈ ತುರಿಸುತ್ತದೆ, ಮತ್ತೆ ತಗ್ಗಿಸುತ್ತೀರಿ. ಅದು ನನಗೆ ಗೊತ್ತು, ಯಾಕಂದ್ರೆ ನಾನೂ ಅದನ್ನೇ ಮಾಡಿದವನು.

ಬೆಂಗಳೂರಿನಲ್ಲಿ ಕೆಲಸ ಸಿಕ್ಕ ಹೊಸದರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕ್ ಇಟ್ಟುಕೊಂಡಿದ್ದೆ. ಒಂದು ಗ್ಯಾರೇಜಿನಲ್ಲಿ ಗ್ರೈಂಡರ್ ಹಿಡಿದು ಪ್ರತಿ ಸ್ಪ್ರಿಂಗಿನಿಂದಲೂ ಒಂದೂವರೆ ಸುತ್ತು ಕತ್ತರಿಸಿ ಕೊಟ್ಟರು. ಅರ್ಧ ದಿನದ ಕೆಲಸ, ಖರ್ಚು ಅಂತ ಹೇಳಿಕೊಳ್ಳುವಷ್ಟೂ ಆಗಲಿಲ್ಲ. ಕಾರು ನೋಡೋಕೆ ಚೆನ್ನಾಗೇ ಇತ್ತು. ಹಬ್ಬಕ್ಕೆ ಊರಿಗೆ ಹೊರಟಾಗ ಹಿಂದಿನ ಸೀಟಿನಲ್ಲಿದ್ದ ಅಮ್ಮ ನೆಲಮಂಗಲ ದಾಟುವ ಮೊದಲೇ, ‘ಇದಕ್ಕಿಂತ ಎತ್ತಿನ ಗಾಡಿ ವಾಸಿ ಕಣೋ’ ಅಂದರು. ಚಾರ್ಮಾಡಿ ಘಾಟಿಯಲ್ಲಿ ಪಂಕ್ಚರ್ ಆಯಿತು. ಜಾಕ್ ಹಾಕಿ ಎತ್ತಿದರೆ ಹಿಂದಿನ ಸ್ಪ್ರಿಂಗ್ ತನ್ನ ಜಾಗ ಬಿಟ್ಟು ಪಕ್ಕಕ್ಕೆ ವಾಲಿಕೊಂಡಿತು. ಚಕ್ರ ಪೂರ್ತಿ ಕೆಳಗೆ ಇಳಿದಾಗ ಆ ಮೊಂಡು ಸ್ಪ್ರಿಂಗಿಗೆ ಮೇಲಿನ ಸೀಟನ್ನು ಮುಟ್ಟುವಷ್ಟು ಉದ್ದವೇ ಉಳಿದಿರಲಿಲ್ಲ. ಮಳೆಯಲ್ಲಿ ಕೈಯಿಂದ ಅದನ್ನು ತಿರುಗಿಸಿ ಕೂರಿಸುತ್ತಾ ಇದ್ದಾಗ ನನಗೆ ಸಸ್ಪೆನ್ಷನ್ ಬಗ್ಗೆ ಮೊದಲ ಪಾಠ ಆಯಿತು.

ಕಾರು ತಗ್ಗಿಸುವುದು ಅಂದರೆ ಎತ್ತರ ಕಡಿಮೆ ಮಾಡುವುದು ಅಂತ ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಕಡಿಮೆ ಆಗುವುದು ಟ್ರಾವೆಲ್, ಅಂದರೆ ಚಕ್ರ ಮೇಲಕ್ಕೆ ಓಡಾಡಲು ಇರುವ ಜಾಗ. ಕಾರು ಸುಮ್ನೆ ನಿಂತಿರುವಾಗ ಶಾಕ್‌ನ ರಾಡ್ ಅರ್ಧ ಒಳಗೆ, ಅರ್ಧ ಹೊರಗೆ ಇರುತ್ತದೆ. ಒಳಗೆ ಹೋಗಲು ಇನ್ನೂ ಇರುವ ಜಾಗದ ಕೊನೆಯಲ್ಲಿ ಬಂಪ್ ಸ್ಟಾಪ್ ಅಂತ ಒಂದು ಫೋಮಿನ ತುಂಡು ಕಾದು ಕೂತಿರುತ್ತದೆ. ನೀವು 40 ಮಿ.ಮೀ. ತಗ್ಗಿಸಿದರೆ, ರಸ್ತೆಯ ಗುಂಡಿ ಸಿಗುವ ಮೊದಲೇ ಆ ಜಾಗದಲ್ಲಿ 40 ಮಿ.ಮೀ. ಖರ್ಚಾಗಿ ಹೋಗಿರುತ್ತದೆ. ಎಂಎಕ್ಸ್-5 ಪುಟ್ಟ ಕಾರು. ಮೊದಲಿನಿಂದಲೂ ಅದರಲ್ಲಿ ಈ ಜಾಗ ಜಾಸ್ತಿ ಇಲ್ಲ. ಕಂಪನಿಯ ಎತ್ತರದಲ್ಲೇ ದೊಡ್ಡ ಉಬ್ಬು ಸಿಕ್ಕರೆ ಅದು ಬಂಪ್ ಸ್ಟಾಪಿನ ಮೇಲೆ ಒರಗುತ್ತದೆ.

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿಕೊಂಡಿದ್ದೇನೆ. ನಿಮ್ಮ ಕಾರು, ನೀವು ಕೂತ ಮೇಲೆ, 1,140 ಕೆ.ಜಿ. ಇರಲಿ. ಈ ಕಾರಿನ ಭಾರ ಮುಂದೆ ಹಿಂದೆ ಹೆಚ್ಚುಕಡಿಮೆ ಸಮನಾಗಿ ಹಂಚಿದೆ. ಹಾಗಾಗಿ ಒಂದೊಂದು ಮೂಲೆಗೆ 285 ಕೆ.ಜಿ. ಅದರಲ್ಲಿ ಚಕ್ರ, ಬ್ರೇಕ್, ಹಬ್ ಸ್ಪ್ರಿಂಗಿನ ಮೇಲೆ ಕೂರುವುದಿಲ್ಲ. ಅದನ್ನು ಕಳೆದರೆ ಸ್ಪ್ರಿಂಗ್ ಹೊರುವುದು ಸುಮಾರು 250 ಕೆ.ಜಿ. ಇನ್ನು, ಸ್ಪ್ರಿಂಗ್ ಇರುವುದು ಚಕ್ರದ ಹತ್ತಿರ ಅಲ್ಲ, ಕೆಳಗಿನ ವಿಶ್‌ಬೋನಿನ (ಚಕ್ರವನ್ನು ಚಾಸಿಗೆ ಸೇರಿಸುವ ತೋಳು) ನಡುವೆ. ಚಕ್ರ 10 ಮಿ.ಮೀ. ಮೇಲೆ ಹೋದರೆ ಮುಂದಿನ ಸ್ಪ್ರಿಂಗ್ ಅಮುಕುವುದು ಸುಮಾರು 7 ಮಿ.ಮೀ. ಮಾತ್ರ. ಇದರ ಪರಿಣಾಮ ಎರಡು ಸಲ ಗುಣಿಸುತ್ತದೆ: 0.7ನ್ನು 0.7ರಿಂದ ಗುಣಿಸಿ, 0.49. ಅಂದರೆ ಸ್ಪ್ರಿಂಗಿನ ಮೇಲೆ ಬರೆದ ಗಟ್ಟಿತನದ ಅರ್ಧವಷ್ಟೇ ಚಕ್ರಕ್ಕೆ ಗೊತ್ತಾಗುವುದು.

ಕಂಪನಿಯ ಮುಂದಿನ ಸ್ಪ್ರಿಂಗ್ ಮಿಲಿಮೀಟರಿಗೆ 30 ನ್ಯೂಟನ್ ಆಸುಪಾಸಿನದು. ಚಕ್ರಕ್ಕೆ ಅದು 15. ಈಗ ನ್ಯೂರ್ಬರ್ಗ್‌ರಿಂಗ್‌ಗೆ ಹೋಗೋಣ. ಅಲ್ಲಿನ ನೋರ್ಡ್‌ಶ್ಲೈಫೆ ಅನ್ನುವ ಹಳೆಯ ಸುತ್ತು 20.8 ಕಿ.ಮೀ. ಅದರಲ್ಲಿ ಫುಕ್ಸ್‌ರೋರೆ ಅಂತ ಒಂದು ಜಾಗ ಇದೆ. ಇಳಿಜಾರಿನಲ್ಲಿ ಧುಮುಕಿ, ತಳ ಮುಟ್ಟಿ, ಹಾಗೇ ಮೇಲಕ್ಕೆ ಹತ್ತುತ್ತೀರಿ. ತಳದಲ್ಲಿ ಕಾರನ್ನು ಯಾರೋ ಮೇಲಿನಿಂದ ಒತ್ತಿದ ಹಾಗಾಗುತ್ತದೆ. ಅಲ್ಲಿ ಒಂದೊಂದು ಮೂಲೆಯ ಭಾರ ಅರ್ಧದಷ್ಟು ಜಾಸ್ತಿಯಾಯಿತು ಅಂದುಕೊಳ್ಳಿ. 250 ಕೆ.ಜಿ.ಯ ಅರ್ಧ 125, ಅಂದರೆ ಸುಮಾರು 1,225 ನ್ಯೂಟನ್. ಅದನ್ನು 15ರಿಂದ ಭಾಗಿಸಿದರೆ 82 ಮಿ.ಮೀ. ಚಕ್ರ ಅಷ್ಟು ಮೇಲೆ ಹೋಗಬೇಕು. ಈ ಕಾರಿನಲ್ಲಿ ಅಷ್ಟು ಜಾಗ ಎಲ್ಲಿದೆ? ನಡುವೆಯೇ ಬಂಪ್ ಸ್ಟಾಪ್ ಸಿಗುತ್ತದೆ. ಕಂಪನಿಯವರು ಅದನ್ನು ಉದ್ದವಾಗಿ, ಮೆತ್ತಗೆ ಮಾಡಿರುವುದರಿಂದ ಅದು ಎರಡನೇ ಸ್ಪ್ರಿಂಗ್ ಥರ ನಿಧಾನಕ್ಕೆ ಭಾರ ಹೊರುತ್ತದೆ, ನಿಮಗೆ ಅಷ್ಟಾಗಿ ಗೊತ್ತಾಗುವುದಿಲ್ಲ.

ಅದೇ ಜಾಗದಲ್ಲಿ 40 ಮಿ.ಮೀ. ತಗ್ಗಿಸಿ, ಹಳೆಯ ಶಾಕ್ ಮೇಲೆ ಲೋವರಿಂಗ್ ಸ್ಪ್ರಿಂಗ್ ಹಾಕಿದ ಕಾರು ಬಂತು ಅಂತಿಟ್ಟುಕೊಳ್ಳಿ. ಅದು ಬಂಪ್ ಸ್ಟಾಪನ್ನು ಶುರುವಿನಲ್ಲೇ ಮುಟ್ಟಿ, ಅದನ್ನು ಪೂರ್ತಿ ಹಿಂಡಿ, ಆಮೇಲೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಒಂದು ಚಕ್ರದಲ್ಲಿ ಸಸ್ಪೆನ್ಷನ್ ಇದ್ದಕ್ಕಿದ್ದ ಹಾಗೆ ಗಟ್ಟಿಯಾದರೆ ಆ ಟೈರಿನ ಹಿಡಿತ ಇದ್ದಕ್ಕಿದ್ದ ಹಾಗೆ ಹೋಗುತ್ತದೆ. ಹಿಂದಿನ ಚಕ್ರದಲ್ಲಿ ಹೀಗಾದರೆ, ಹಿಂದಿನ ಚಕ್ರಗಳೇ ಎಳೆಯುವ ಈ ಹಗುರ ಕಾರು ತಿರುಗಿ ನಿಲ್ಲುತ್ತದೆ. ‘ಏನೂ ಮಾಡಲಿಲ್ಲ ಸರ್, ತಾನಾಗೇ ಸ್ಪಿನ್ ಆಯ್ತು’ ಅಂತ ಹೇಳುವವರ ಕಾರಿನ ಕೆಳಗೆ ಇಣುಕಿದರೆ, ಜಜ್ಜಿ ಪುಡಿಯಾದ ಬಂಪ್ ಸ್ಟಾಪ್ ಎಷ್ಟೋ ಸಲ ಸಿಕ್ಕಿದೆ ನನಗೆ.

ಹಾಗಾದರೆ ಸ್ಪ್ರಿಂಗ್ ಗಟ್ಟಿ ಮಾಡಿದರೆ ಆಯಿತಲ್ಲ? ಆಗುತ್ತದೆ, ಆದರೆ ಎಷ್ಟು ಗಟ್ಟಿ ಅನ್ನುವುದರಲ್ಲಿ ಜನ ಮೋಸ ಹೋಗುತ್ತಾರೆ. ಸ್ಪ್ರಿಂಗ್ ಹೀರಿಕೊಳ್ಳುವ ಪೆಟ್ಟು, ಅದು ಅಮುಕುವ ದೂರದ ವರ್ಗಕ್ಕೆ ತಕ್ಕ ಹಾಗೆ ಇರುತ್ತದೆ. ಉಳಿದ ಜಾಗ ಅರ್ಧವಾದರೆ, ಅದೇ ಪೆಟ್ಟನ್ನು ತಡೆಯಲು ಸ್ಪ್ರಿಂಗ್ ಎರಡರಷ್ಟಲ್ಲ, ನಾಲ್ಕರಷ್ಟು ಗಟ್ಟಿ ಇರಬೇಕು. ಅಂಗಡಿಯ ಲೋವರಿಂಗ್ ಸ್ಪ್ರಿಂಗ್‌ಗಳು ಸಾಮಾನ್ಯವಾಗಿ ಕಂಪನಿಯದಕ್ಕಿಂತ ಕಾಲು ಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗ ಗಟ್ಟಿ. ಉಳಿದ ಲೆಕ್ಕ ಬಂಪ್ ಸ್ಟಾಪಿನ ತಲೆಗೆ.

ನಿಮ್ಮಂಥವರಿಗೆ ಮಿಲಿಮೀಟರಿಗೆ ಮುಂದೆ 50, ಹಿಂದೆ 35 ನ್ಯೂಟನ್ ಆಸುಪಾಸಿನ ಸ್ಪ್ರಿಂಗ್ ಚೆನ್ನಾಗಿರುತ್ತದೆ ಅನ್ನುವುದು ನನ್ನ ಅನುಭವ. 50 ಅಂದರೆ ಚಕ್ರಕ್ಕೆ 25. ಮೇಲಿನ ಫುಕ್ಸ್‌ರೋರೆ ಲೆಕ್ಕದಲ್ಲಿ 82 ಮಿ.ಮೀ. ಇದ್ದದ್ದು 49ಕ್ಕೆ ಇಳಿಯುತ್ತದೆ. ಇದನ್ನೇ ಇನ್ನೊಂದು ರೀತಿಯಲ್ಲೂ ನೋಡಬಹುದು. ಕಾರು ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಎಷ್ಟು ಸಲ ತೂಗಲು ನೋಡುತ್ತದೆ ಅಂತ. ಕಂಪನಿಯ ಸ್ಪ್ರಿಂಗಿನಲ್ಲಿ ಅದು ಸುಮಾರು 1.2 ಸಲ. ಮನೆಮಂದಿಯ ಕಾರುಗಳೆಲ್ಲ 1ರಿಂದ 1.5ರ ಒಳಗೇ ಇರುತ್ತವೆ. 50ರ ಸ್ಪ್ರಿಂಗಿನಲ್ಲಿ 1.6. ಬಿಗಿ ಇದೆ ಅಂತ ಗೊತ್ತಾಗುತ್ತದೆ, ಆದರೆ ಬೆನ್ನು ನೋಯುವುದಿಲ್ಲ. 400 ಯೂರೋ ಸೆಟ್‌ಗಳಲ್ಲಿ ಎಷ್ಟೋ ಸಲ ಮುಂದೆ 80 ಹಾಕಿರುತ್ತಾರೆ. ಅದು ಸೆಕೆಂಡಿಗೆ 2 ಸಲ. ನುಣುಪಾದ ರೇಸ್ ಟ್ರ್ಯಾಕಿಗೆ ಅದು ಸರಿ. ಬ್ಲ್ಯಾಕ್ ಫಾರೆಸ್ಟಿನಲ್ಲಿ ಮರದ ಬೇರು ಎತ್ತಿದ ಹಳ್ಳಿ ರಸ್ತೆಗೆ ಅಲ್ಲ. ನೋರ್ಡ್‌ಶ್ಲೈಫೆಗೂ ಅಲ್ಲ, ಯಾಕಂದ್ರೆ ಅದು ನುಣುಪು ಟ್ರ್ಯಾಕ್ ಅಲ್ಲವೇ ಅಲ್ಲ. ಕರುಸೆಲ್ ತಿರುವಿನ ಕಾಂಕ್ರೀಟ್ ಹಾಸಿನ ಮೇಲೆ ಒಂದು ಸಲ ಹೋದರೆ ಹಲ್ಲು ಕಟಕಟ ಅಂದು ನಿಮಗೇ ಗೊತ್ತಾಗುತ್ತದೆ.

ತಗ್ಗಿಸುವುದರಿಂದ ಲಾಭವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ತಿರುವಿನಲ್ಲಿ ಒಳಗಿನ ಟೈರಿನಿಂದ ಹೊರಗಿನ ಟೈರಿಗೆ ಹೋಗುವ ಭಾರ ಕಡಿಮೆಯಾಗುತ್ತದೆ. ಎಷ್ಟು? ಗುರುತ್ವ ಕೇಂದ್ರ ನೆಲದಿಂದ 45 ಸೆಂ.ಮೀ. ಎತ್ತರದಲ್ಲಿದೆ ಅಂದುಕೊಂಡರೆ, 25 ಮಿ.ಮೀ.ಗೆ ಸುಮಾರು ಐದೂವರೆ ಶೇಕಡಾ, 40 ಮಿ.ಮೀ.ಗೆ 9 ಶೇಕಡಾದ ಒಳಗೆ. ಆ ಹೆಚ್ಚುವರಿ ಮೂರು ಮೂರೂವರೆ ಶೇಕಡಾಕ್ಕೆ ನೀವು ಕೊಡುವ ಬೆಲೆ 15 ಮಿ.ಮೀ. ಟ್ರಾವೆಲ್. ಒಂದು ಸೆಟ್ ಒಳ್ಳೆ ಟೈರ್ ಇದಕ್ಕಿಂತ ಜಾಸ್ತಿ ಹಿಡಿತ ಕೊಡುತ್ತದೆ. ನಿಮ್ಮ ಟೈರ್ ಎಷ್ಟು ಹಳೆಯವು ಅಂತ ಬರೆದಿಲ್ಲ. ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಇವತ್ತೇ ನೋಡಿಬಿಡಿ.

ಇನ್ನು ಶಾಕ್. ಗೆಳೆಯ ಹೇಳಿದ ‘ಬರೀ ಸ್ಪ್ರಿಂಗ್’ ಉಪಾಯ ಕೆಡುವುದು ಇಲ್ಲೇ. ಸ್ಪ್ರಿಂಗ್ ಅಮುಕಿದ ಮೇಲೆ ಅದು ವಾಪಸ್ ಚಿಮ್ಮುವುದನ್ನು ಹಿಡಿದು ನಿಲ್ಲಿಸುವುದು ಶಾಕ್‌ನ ಕೆಲಸ. ಇದಕ್ಕೆ ರಿಬೌಂಡ್ ಅನ್ನುತ್ತೇವೆ. ನಿಮ್ಮ ಶಾಕ್‌ಗಳು 2002ರದ್ದೇ ಆಗಿದ್ದರೆ ಅವಕ್ಕೆ ಇಪ್ಪತ್ತು ದಾಟಿದೆ. 30ರ ಸ್ಪ್ರಿಂಗನ್ನೇ ಅವು ಈಗ ಸರಿಯಾಗಿ ಹಿಡಿಯುತ್ತಿರಲಾರವು. ಅವುಗಳ ಮೇಲೆ ಇನ್ನೂ ಗಟ್ಟಿಯ, ಗಿಡ್ಡ ಸ್ಪ್ರಿಂಗ್ ಕೂರಿಸಿದರೆ ಮುದುಕರ ಹೆಗಲ ಮೇಲೆ ಮೂಟೆ ಹೊರಿಸಿದ ಹಾಗೆ. ಕಾರು ಜಂಪ್ ಹೊಡೆಯುತ್ತದೆ, ಒಂದು ಉಬ್ಬಿಗೆ ಮೂರು ಸಲ ತಲೆಯಾಡಿಸುತ್ತದೆ. ಇದನ್ನೇ ಜನ ‘ಸ್ಪೋರ್ಟಿ ಫೀಲ್’ ಅಂದುಕೊಳ್ಳುವುದನ್ನು ನೋಡಿದ್ದೇನೆ. ಇರಲಿ.

ಹಾಗಾಗಿ ದುಡ್ಡಿನ ದೊಡ್ಡ ಪಾಲು ಶಾಕ್‌ಗೆ ಹೋಗಲಿ. ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ನೋಡುವುದು ಹಳದಿ ಬಣ್ಣದ ಕೋನಿ ಸ್ಪೋರ್ಟ್ ಶಾಕ್‌ಗಳನ್ನು. ಜೊತೆಗೆ ಐಬಾಖ್ ಅಥವಾ ಎಚ್‌ ಅಂಡ್ ಆರ್ ಕಂಪನಿಯ, 25ರಿಂದ 30 ಮಿ.ಮೀ. ತಗ್ಗಿಸುವ ಸ್ಪ್ರಿಂಗ್. ಅವು ನಾನು ಹೇಳಿದ 50ರಷ್ಟು ಗಟ್ಟಿ ಇರುವುದಿಲ್ಲ, ಆದರೆ 25 ಮಿ.ಮೀ.ಗೆ, ಒಳ್ಳೆ ಬಂಪ್ ಸ್ಟಾಪಿನ ಜೊತೆ, ಸಾಕಾಗುತ್ತದೆ. ಈ ಕೋನಿಯಲ್ಲಿ ಮೇಲಿನಿಂದ ಒಂದು ಗುಬ್ಬಿ (ನಾಬ್) ತಿರುಗಿಸಿ ರಿಬೌಂಡ್ ಬಿಗಿ ಮಾಡಬಹುದು. ಬಾನೆಟ್ ತೆಗೆದರೆ ಮುಂದಿನ ಎರಡೂ ಕೈಗೆ ಸಿಗುತ್ತವೆ. ಸ್ಪ್ರಿಂಗಿನ ತಟ್ಟೆ ಕೂರುವ ಜಾಗಕ್ಕೆ ಒಂದಕ್ಕಿಂತ ಜಾಸ್ತಿ ತೋಡುಗಳಿವೆ, ಹಾಗಾಗಿ ಎತ್ತರವನ್ನೂ ಒಂದು ಮೆಟ್ಟಿಲು ಆಚೀಚೆ ಮಾಡಬಹುದು. ಸರಳ ವಸ್ತು, ಬಹಳ ವರ್ಷದಿಂದ ಈ ಕಾರಿನ ಜನ ಹಾಕುತ್ತಾ ಬಂದಿದ್ದಾರೆ, ನಿಮ್ಮ ಬಜೆಟ್ಟಿಗೂ ಹತ್ತಿರ. ಅಂದ ಹಾಗೆ, ಐಬಾಖ್ ಇರುವ ಫಿನ್ನೆನ್‌ಟ್ರೋಪ್, ಎಚ್‌ ಅಂಡ್ ಆರ್ ಇರುವ ಲೆನ್ನೆಸ್ಟಾಟ್ ಎರಡೂ ಅಕ್ಕಪಕ್ಕದ ಊರುಗಳು. ಸ್ಪ್ರಿಂಗ್ ವಿಷಯದಲ್ಲಿ ನೀವು ಮೂಲದ ಹತ್ತಿರವೇ ಇದ್ದೀರಿ.

ಕಾಯಿಲ್‌ಓವರೇ ಬೇಕು, ಎತ್ತರವನ್ನು ನೂಲಿನಷ್ಟು ಸರಿಯಾಗಿ ಹೊಂದಿಸಬೇಕು ಅಂದರೆ ಕೆಡಬ್ಲ್ಯೂ ಅಥವಾ ಬಿಲ್‌ಸ್ಟೈನ್ ಕಂಪನಿಗಳ ಕಡೆ ನೋಡಿ. ಕೆಡಬ್ಲ್ಯೂನಲ್ಲಿ ವೇರಿಯಂಟ್ 1ಕ್ಕೆ ಎತ್ತರ ಮಾತ್ರ ಬದಲಾಗುತ್ತದೆ. 2ರಲ್ಲಿ ರಿಬೌಂಡ್ ಕೂಡ. 3ರಲ್ಲಿ ರಿಬೌಂಡ್, ಕಂಪ್ರೆಷನ್ (ಅಮುಕುವಾಗಿನ ತಡೆ) ಎರಡೂ. ಬಿಲ್‌ಸ್ಟೈನ್‌ನಲ್ಲಿ ಬಿ14ಕ್ಕೆ ಎತ್ತರ, ಬಿ16ಕ್ಕೆ ಎತ್ತರದ ಜೊತೆ ಡ್ಯಾಂಪಿಂಗ್, ಅಂದರೆ ಶಾಕ್‌ನ ತಡೆ. ಗುಬ್ಬಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತೇನಿಲ್ಲ. ಕಂಪನಿಯವರು ಸರಿಯಾಗಿ ಹೊಂದಿಸಿ ಕೊಟ್ಟ ಗುಬ್ಬಿಯಿಲ್ಲದ ಶಾಕ್, ನಾವು ತಪ್ಪಾಗಿ ತಿರುಗಿಸಿಟ್ಟ ದುಬಾರಿ ಶಾಕ್‌ಗಿಂತ ಯಾವತ್ತೂ ಮೇಲು. ಕೆಡಬ್ಲ್ಯೂ ಪರವಾಗಿ ಇನ್ನೊಂದು ಮಾತು: ಅವರ ಹೊರಕವಚ ಸ್ಟೇನ್‌ಲೆಸ್ ಸ್ಟೀಲಿನದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ದೇಶದಲ್ಲಿ, ಬೇರೆ ಸೆಟ್‌ಗಳ ಎತ್ತರ ಬದಲಿಸುವ ಥ್ರೆಡ್ ಎರಡೇ ವರ್ಷದಲ್ಲಿ ತುಕ್ಕು ಹಿಡಿದು ಕಚ್ಚಿಕೊಳ್ಳಬಹುದು. ಆಮೇಲೆ ಅದು ಎತ್ತರ ಬದಲಿಸಬಹುದಾದ ಸೆಟ್ ಅಂತ ಹೆಸರಿಗೆ ಮಾತ್ರ.

400 ಯೂರೋ ಸೆಟ್ ಬೇಡ ಅನ್ನಲು ಬೆಲೆಯೊಂದೇ ಕಾರಣ ಅಲ್ಲ. ಅದರಲ್ಲಿ ‘32 ಹಂತದ ಡ್ಯಾಂಪಿಂಗ್’ ಅಂತ ಬರೆದಿರುತ್ತದೆ. ಅಂಥ ಕೆಲವನ್ನು ಟೆಸ್ಟ್ ಮೆಷಿನ್ ಮೇಲೆ ಹಾಕಿ ನೋಡಿದ್ದೇನೆ. ಮೊದಲ ಇಪ್ಪತ್ತು ಕ್ಲಿಕ್ಕಿಗೆ ಏನೂ ಬದಲಾಗುವುದಿಲ್ಲ, ಕೊನೆಯ ನಾಲ್ಕರಲ್ಲಿ ಎಲ್ಲ ಒಟ್ಟಿಗೇ ಆಗುತ್ತದೆ. ಅದಕ್ಕಿಂತ ಬೇಜಾರಿನ ವಿಷಯ, ಒಂದೇ ಡಬ್ಬದ ಎಡ ಬಲದ ಶಾಕ್‌ಗಳು ಒಂದೇ ಥರ ಇರಲಿಲ್ಲ. ಎಡ ತಿರುವಿನಲ್ಲಿ ಒಂದು ಕಾರು, ಬಲ ತಿರುವಿನಲ್ಲಿ ಇನ್ನೊಂದು ಕಾರು.

ಕಾಯಿಲ್‌ಓವರ್ ವಿಷಯದಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ, ಅದನ್ನೂ ಹೇಳಿಬಿಡುತ್ತೇನೆ. ಸ್ಪ್ರಿಂಗಿನ ಕೆಳಗಿನ ತಟ್ಟೆಯನ್ನು ಮೇಲೆ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಆಗುವುದಿಲ್ಲ. ಉದ್ದಕ್ಕೂ ಒಂದೇ ಥರ ಸುತ್ತಿದ 50ರ ಸ್ಪ್ರಿಂಗ್ ಎಲ್ಲಿ ಕೂತರೂ 50ರದ್ದೇ. ಕಾರು ಎತ್ತರ ಆಗುತ್ತದೆ, ಅಷ್ಟೇ. ತಟ್ಟೆ ಕೆಳಗಿಳಿಸಿದಾಗ ಶಾಕ್ ಒಳಗಿನ ಜಾಗ ಕಡಿಮೆಯಾಗುತ್ತದೆ. ಕೆಲವು ಸೆಟ್‌ಗಳಲ್ಲಿ ಶಾಕ್‌ನ ಮೈಯನ್ನೇ ಕೆಳಗಿನ ಬ್ರಾಕೆಟ್ಟಿನಲ್ಲಿ ತಿರುಗಿಸಿ ಗಿಡ್ಡ ಮಾಡಬಹುದು. ಅವುಗಳಲ್ಲಿ ಶಾಕ್‌ನ ಟ್ರಾವೆಲ್ ಹಾಗೇ ಉಳಿಯುತ್ತದೆ. ‘ಆಹಾ, ಇನ್ನೇನು ಬೇಕು’ ಅನ್ನಿಸುತ್ತದೆ ಅಲ್ವಾ? ಆದರೆ ಶಾಕ್ ತಡೆಯದಿದ್ದರೆ ಟೈರ್ ಹೋಗಿ ಫೆಂಡರಿನ ಒಳಗೆ ಬಡಿಯುತ್ತದೆ. ಜಾಗವನ್ನು ಯಾವ ಕಂಪನಿಯೂ ಡಬ್ಬದಲ್ಲಿ ಹಾಕಿ ಮಾರುವುದಿಲ್ಲ.

ಇಷ್ಟಾದರೂ ನೀವು ಮೊದಲು ಕೈ ಹಾಕಬೇಕಾದ್ದು ಶಾಕ್‌ಗೂ ಅಲ್ಲ, ಸ್ಪ್ರಿಂಗಿಗೂ ಅಲ್ಲ. ಕಾರನ್ನು ಲಿಫ್ಟ್ ಮೇಲೆ ಹಾಕಿಸಿ ತುಕ್ಕು ನೋಡಿಸಿ. ಎನ್‌ಬಿ ಮಾಡೆಲ್‌ನ ಮುಂದಿನ ಚಾಸಿ ರೈಲು, ಅಂದರೆ ಮುಂದಿನ ಸಸ್ಪೆನ್ಷನ್ ಹತ್ತಿರ ಉದ್ದಕ್ಕೆ ಹಾದುಹೋಗುವ ಪೆಟ್ಟಿಗೆಯಂಥ ಭಾಗ, ಒಳಗಿನಿಂದ ಕೊಳೆಯುವುದಕ್ಕೆ ಹೆಸರುವಾಸಿ. ಅಲ್ಲಿ ತಗಡು ಎರಡು ಪದರ. ನೀರು, ಉಪ್ಪು ನಡುವೆ ಕೂರುತ್ತದೆ. ಹೊರಗಿನಿಂದ ಬಣ್ಣ ನೆಟ್ಟಗೆ ಕಾಣುತ್ತದೆ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಠಣ್ ಅನ್ನುವ ಬದಲು ಡಬ್ ಅನ್ನುತ್ತದೆ. ಬಾಗಿಲ ಕೆಳಗಿನ ಸಿಲ್, ಅದರಲ್ಲೂ ಹಿಂದಿನ ಚಕ್ರದ ಮುಂದಿನ ತುದಿ, ಅಲ್ಲೂ ಹೀಗೇ. ಅಲ್ಲಿ ತೂತು ಇದ್ದರೆ 1500 ಯೂರೋ ವೆಲ್ಡಿಂಗಿಗೆ ಕೊಡಿ. ಬೇಜಾರಾಗಬಹುದು, ಆದರೆ ಕೊಳೆತ ಕಂಬಕ್ಕೆ ಹೊಸ ಜೋಕಾಲಿ ಕಟ್ಟಲು ಬರುವುದಿಲ್ಲ.

ತುಕ್ಕು ಇಲ್ಲ ಅಂತಾದರೆ, ಎರಡನೆಯದು ಅಲೈನ್‌ಮೆಂಟ್ ಬೋಲ್ಟ್‌ಗಳು. ಈ ಕಾರಿಗೆ ನಾಲ್ಕೂ ಕಡೆ ಡಬಲ್ ವಿಶ್‌ಬೋನ್. ಕೆಳಗಿನ ವಿಶ್‌ಬೋನ್ ಚಾಸಿಗೆ ಸೇರುವಲ್ಲಿ ಒಂದು ಉದ್ದ ಬೋಲ್ಟ್, ಅದರ ತಲೆಯ ಹತ್ತಿರ ಓರೆ ತಟ್ಟೆ. ಅದನ್ನು ತಿರುಗಿಸಿದರೆ ಚಕ್ರದ ಕೋನ ಬದಲಾಗುತ್ತದೆ: ಮುಂದೆ ಕ್ಯಾಂಬರ್ (ಚಕ್ರದ ತಲೆ ಒಳಗೆ ಹೊರಗೆ ವಾಲುವುದು) ಮತ್ತು ಕ್ಯಾಸ್ಟರ್ (ಸ್ಟೀರಿಂಗ್ ತಿರುಗುವ ಅಚ್ಚು ಹಿಂದಕ್ಕೆ ವಾಲುವುದು), ಹಿಂದೆ ಕ್ಯಾಂಬರ್ ಮತ್ತು ಟೋ (ಚಕ್ರದ ಮೂತಿ ಒಳಗೆ ಹೊರಗೆ ತಿರುಗುವುದು). ಇಪ್ಪತ್ತು ವರ್ಷದ ಕಾರಿನಲ್ಲಿ ಆ ಬೋಲ್ಟ್ ಬುಶ್‌ನ (ಕೀಲಿನ ರಬ್ಬರ್ ಬಳೆ) ಒಳಗಿನ ಕಬ್ಬಿಣದ ಕೊಳವೆಗೆ ತುಕ್ಕಿನಿಂದ ಬೆಸೆದುಕೊಂಡಿರುತ್ತದೆ. ಪಾನಾ ಹಾಕಿದರೆ ಬೋಲ್ಟ್ ತಿರುಗಿದ ಹಾಗೆ ಅನ್ನಿಸುತ್ತದೆ. ನಿಜವಾಗಿ ರಬ್ಬರ್ ಹಿಂಡಿಕೊಂಡು, ಬಿಟ್ಟ ತಕ್ಷಣ ವಾಪಸ್ ಬರುತ್ತದೆ. ತಗ್ಗಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಆಗ ಅಂಗಡಿಯವನು ‘ಬೋಲ್ಟ್ ಅಲ್ಲಾಡ್ತಿಲ್ಲ’ ಅಂದರೆ ಇಡೀ ಕೆಲಸ ನಿಂತ ಹಾಗೆ. ಈಗಲೇ ವಾರಕ್ಕೊಮ್ಮೆ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತಾ ಇರಿ. ಅಲ್ಲಾಡದಿದ್ದರೆ ಕತ್ತರಿಸಿ, ಹೊಸ ಬೋಲ್ಟ್, ಹೊಸ ಬುಶ್ ಹಾಕುವುದೇ ದಾರಿ. ಈ ಖರ್ಚನ್ನು ಬಜೆಟ್ಟಿನಲ್ಲಿ ಮೊದಲೇ ತೆಗೆದಿಡಿ.

ಫಿಟ್ಟಿಂಗ್ ಮಾಡುವಾಗ ಒಂದು ವಿಷಯ ನೀವೇ ಪಕ್ಕದಲ್ಲಿ ನಿಂತು ನೋಡಿ. ಲಿಫ್ಟ್ ಮೇಲೆ ಚಕ್ರಗಳು ಜೋತಾಡುತ್ತಿರುವಾಗ ವಿಶ್‌ಬೋನ್ ಬೋಲ್ಟ್‌ಗಳನ್ನು ಪೂರ್ತಿ ಬಿಗಿ ಮಾಡಬಾರದು. ಇದರ ರಬ್ಬರ್ ಬುಶ್ ತಿರುಗುವ ಬೇರಿಂಗ್ ಅಲ್ಲ, ಹಿಂಡಿಕೊಳ್ಳುವ ರಬ್ಬರ್. ಜೋತಾಡುವಾಗ ಬಿಗಿ ಮಾಡಿದರೆ, ಕಾರು ಕೆಳಗಿಳಿದ ಕ್ಷಣದಿಂದ ಅದು ಇಪ್ಪತ್ತನಾಲ್ಕು ಗಂಟೆಯೂ ಹಿಂಡಿದ ಸ್ಥಿತಿಯಲ್ಲೇ ಇರುತ್ತದೆ. ಕಾರು ಹೇಳಿದ ಎತ್ತರಕ್ಕೆ ಇಳಿಯುವುದಿಲ್ಲ, ವರ್ಷದೊಳಗೆ ರಬ್ಬರ್ ಸೀಳುತ್ತದೆ. ಬೋಲ್ಟ್ ಸಡಿಲ ಇರುವಾಗಲೇ ಕಾರನ್ನು ಚಕ್ರದ ಮೇಲೆ ಇಳಿಸಿ, ಎರಡು ಸಲ ಅಮುಕಿ, ಆಮೇಲೆ ಬಿಗಿ ಮಾಡಬೇಕು. ಅವಸರದಲ್ಲಿ ಇದನ್ನು ಬಿಟ್ಟುಬಿಡುವವರು ಬಹಳ.

ಬಂಪ್ ಸ್ಟಾಪ್ ಹೊಸದು ಹಾಕಿಸಿ. ಶಾಕ್ ಜೊತೆ ಬಂದಿದ್ದರೆ ಅದನ್ನೇ ಹಾಕಿ. ‘ಟ್ರಾವೆಲ್ ಸಿಗುತ್ತೆ, ಕತ್ತರಿಸೋಣ’ ಅಂದರೆ ಶಾಕ್ ತಯಾರಕರು ಇಂತಿಷ್ಟು ಅಂತ ಹೇಳಿದ್ದರೆ ಮಾತ್ರ ಒಪ್ಪಿ. ಪೂರ್ತಿ ತೆಗೆದರೆ ಶಾಕ್ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿದು ವಾಲ್ವ್ ಹಾಳಾಗುತ್ತದೆ.

ಎತ್ತರ ಅಳೆಯುವುದು ನೆಲದಿಂದ ಅಲ್ಲ, ಚಕ್ರದ ನಡುಬಿಂದುವಿನಿಂದ ಫೆಂಡರಿನ ಅಂಚಿನವರೆಗೆ. ಟೈರ್ ಸವೆದರೂ, ಗಾಳಿ ಕಡಿಮೆಯಾದರೂ ಆ ಅಳತೆ ಬದಲಾಗುವುದಿಲ್ಲ. ಇವತ್ತೇ ನಾಲ್ಕೂ ಕಡೆ ಅಳೆದು ಬರೆದಿಟ್ಟುಕೊಳ್ಳಿ. ತಗ್ಗಿಸಿದ ಮೇಲೆ ಹಿಂದೆ ಮುಂದಿಗಿಂತ ಒಂದು ಸೆಂ.ಮೀ. ಆಸುಪಾಸು ಜಾಸ್ತಿ ಇರಲಿ. ಹಿಂದೆ ಕುಸಿದ ಎಂಎಕ್ಸ್-5 ನೋಡೋಕೂ ಚೆನ್ನಾಗಿರುವುದಿಲ್ಲ, ಓಡಿಸೋಕೂ ಚೆನ್ನಾಗಿರುವುದಿಲ್ಲ. ಅಲೈನ್‌ಮೆಂಟ್‌ಗೆ ಮುಂದೆ ಕ್ಯಾಂಬರ್ ಮೈನಸ್ 1ರಿಂದ 1.3 ಡಿಗ್ರಿ, ಹಿಂದೆ ಮೈನಸ್ 1.5ರಿಂದ 1.8 ಹೇಳಿ. ಕ್ಯಾಸ್ಟರ್ 5ರ ಹತ್ತಿರ. ಟೋ ಮುಂದೆ ಸೊನ್ನೆ, ಹಿಂದೆ ಸ್ವಲ್ಪವೇ ಒಳಗೆ. ನಿಮ್ಮ ಭಾರದಷ್ಟು ಏನಾದರೂ ಡ್ರೈವರ್ ಸೀಟಿನಲ್ಲಿಟ್ಟು ಮಾಡಿಸಿ. ಒಂದು ಟನ್ನಿನ ಕಾರಿಗೆ ಎಪ್ಪತ್ತು ಕೆ.ಜಿ. ಸಣ್ಣ ವಿಷಯ ಅಲ್ಲ.

ಇನ್ನು ಕಾನೂನು. ಸ್ಟುಟ್‌ಗಾರ್ಟ್‌ನಲ್ಲಿರುವ ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತಿರಬಹುದು, ಆದರೂ ಹೇಳುತ್ತೇನೆ. ಸ್ಪ್ರಿಂಗ್ ಆಗಲಿ ಕಾಯಿಲ್‌ಓವರ್ ಆಗಲಿ, ಅದರ ಜೊತೆ ಟೈಲೆಗುಟಾಖ್ಟೆನ್‌ನಂಥ ಕಾಗದ, ಅಂದರೆ ಆ ಭಾಗವನ್ನು ಪರೀಕ್ಷಿಸಿ ಒಪ್ಪಿದ ದಾಖಲೆ, ಇರಬೇಕು. ಅದರಲ್ಲಿ ನಿಮ್ಮ ಮಾಡೆಲ್ ನಮೂದಾಗಿರಬೇಕು. ದುಡ್ಡು ಕೊಡುವ ಮೊದಲು ಆ ಕಾಗದ ಓದಿ. ಹಾಕಿಸಿದ ಮೇಲೆ ಟ್ಯೂಫ್‌ನಂಥ ಪರೀಕ್ಷಾ ಸಂಸ್ಥೆಗೆ ಹೋಗಿ ತೋರಿಸಿ, ಕಾರಿನ ದಾಖಲೆಗೆ ಸೇರಿಸಿಕೊಳ್ಳಬೇಕು. ಚಕ್ರವೂ ಕಂಪನಿಯದಲ್ಲ, ಸ್ಪ್ರಿಂಗೂ ಕಂಪನಿಯದಲ್ಲ ಅಂದರೆ ಎರಡನ್ನೂ ಜೊತೆಯಾಗಿ ನೋಡುತ್ತಾರೆ. ಹೆಡ್‌ಲೈಟಿನ ಡಿಪ್ ಬೆಳಕಿನ ಕೆಳ ಅಂಚು ನೆಲದಿಂದ 500 ಮಿ.ಮೀ.ಗಿಂತ ಕೆಳಗಿಳಿಯುವಂತಿಲ್ಲ. ತಗ್ಗಿಸಿದ ಮೇಲೆ ಲೈಟನ್ನು ಮತ್ತೆ ಹೊಂದಿಸಲೂಬೇಕು. ದಾಖಲೆ ಇಲ್ಲದ ಸೆಟ್ ಹಾಕಿ ಓಡಿಸಿದರೆ ಕಾರಿನ ಪರವಾನಗಿಯೇ ಬಿದ್ದುಹೋಗಬಹುದು, ಅಪಘಾತವಾದರೆ ಇನ್ಶೂರೆನ್ಸ್‌ನವರು ಮೊದಲು ಕೇಳುವುದೇ ಆ ಕಾಗದ. ನ್ಯೂರ್ಬರ್ಗ್‌ರಿಂಗ್‌ನಲ್ಲಿ ಸಾರ್ವಜನಿಕರಿಗೆ ಬಿಡುವ ದಿನಗಳಲ್ಲೂ ರಸ್ತೆಯ ನಿಯಮಗಳೇ ಅನ್ವಯ. ‘ಅದು ಟ್ರ್ಯಾಕ್ ಅಲ್ವಾ’ ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ. ಆ 400 ಯೂರೋ ಸೆಟ್‌ನ ಜಾಹೀರಾತಿನಲ್ಲಿ ಈ ಕಾಗದದ ಮಾತು ಇದೆಯಾ, ಇನ್ನೊಮ್ಮೆ ನೋಡಿ.

ಎಲ್ಲ ಆದ ಮೇಲೆ ಒಂದು ಐದು ಪೈಸೆಯ ಪರೀಕ್ಷೆ ಇದೆ. ಶಾಕ್‌ನ ರಬ್ಬರ್ ಕವಚ ಮೇಲಕ್ಕೆ ಸರಿಸಿ, ರಾಡಿಗೆ ಒಂದು ತೆಳು ಕೇಬಲ್ ಟೈ ಕಟ್ಟಿ. ಬಿಗಿ ಇರಬೇಕು, ಆದರೆ ಬೆರಳಿಂದ ತಳ್ಳಿದರೆ ಜಾರಬೇಕು. ಅದನ್ನು ಶಾಕ್‌ನ ಮೈ ಮುಟ್ಟುವ ತನಕ ಕೆಳಗೆ ತಳ್ಳಿ. ಆಮೇಲೆ ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಸ್ಟಾಟ್ ಕಡೆಗೆ ಬಿ500 ರಸ್ತೆಯಲ್ಲಿ ನಿಮ್ಮ ಮಾಮೂಲಿ ವೇಗದಲ್ಲಿ ಒಂದು ಸುತ್ತು ಹೋಗಿ ಬನ್ನಿ. ರಾಡ್ ಒಳಗೆ ಹೋದಾಗಲೆಲ್ಲ ಟೈ ಮೇಲಕ್ಕೆ ಜಾರಿ, ಅತಿ ಹೆಚ್ಚು ಹೋದ ಜಾಗದಲ್ಲಿ ನಿಂತಿರುತ್ತದೆ. ಅದು ಬಂಪ್ ಸ್ಟಾಪಿನ ತುದಿ ತಾಗುವಷ್ಟರಲ್ಲಿ ನಿಂತಿದ್ದರೆ ನಿಮ್ಮ ಎತ್ತರ ಸರಿ ಇದೆ. ಬಂಪ್ ಸ್ಟಾಪಿನೊಳಗೆ ಹೂತುಹೋಗಿದ್ದರೆ 5 ಮಿ.ಮೀ. (ಕೋನಿಯಲ್ಲಾದರೆ ಒಂದು ಮೆಟ್ಟಿಲು) ಎತ್ತರಿಸಿ, ಮತ್ತೆ ಹೋಗಿ ಬನ್ನಿ. ನಾಲ್ಕೂ ಮೂಲೆಗೂ ಕಟ್ಟಿ, ಒಂದೇ ಸುತ್ತಿನಲ್ಲಿ ಮುಗಿಯುತ್ತದೆ.

ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಕಿ.ಮೀ.ಗಳಲ್ಲಿ ಇನ್ನೂ ಒಂದಿಷ್ಟು ಕೂರುತ್ತದೆ. ಹಾಗಾಗಿ ಅಲೈನ್‌ಮೆಂಟನ್ನು ಮೊದಲ ದಿನವೇ ಮಾಡಿಸಿ ಮುಗಿಸಬೇಡಿ, ಎರಡು ವಾರ ಬಿಟ್ಟು ಇನ್ನೊಮ್ಮೆ ನೋಡಿಸಿ. ಆಗ ಟೈರಿನ ಮೇಲಿನ ಗ್ಯಾಪಿಗೆ ನಿಮ್ಮ ಮುಷ್ಟಿ ಹೋಗುವುದಿಲ್ಲ, ಬೆರಳುಗಳು ಹೋಗುತ್ತವೆ. ಅಷ್ಟು ಬಿಟ್ಟಿರಿ, ಆ ಜಾಗ ಚಕ್ರಕ್ಕೆ ಬೇಕು. ಕೇಬಲ್ ಟೈ ಎಲ್ಲಿ ನಿಂತಿತು ಅಂತ ಮರೆಯದೆ ಬರೆದು ತಿಳಿಸಿ.